ನಾಯಕ ಹೊರಟ ಮೇಲೆ ನ್ಯಾಸದ ಲೆಕ್ಕ

ಪರರು ನಂಬಿ ಇರಿಸಿಹೋದ ಧನಕ್ಕೆ ಶಾಸ್ತ್ರದಲ್ಲಿ ‘ನ್ಯಾಸ’ವೆಂದು ಹೆಸರು. ಅದನ್ನು ಅಪಹರಿಸುವುದು ನ್ಯಾಸಾಪಹಾರ. ಮೇಲ್ನೋಟಕ್ಕೆ ಇದು ಕಳವಿನ ಜಾತಿಗೆ ಸೇರಿದ ದೋಷ. ಆದುದರಿಂದ ಅಚೌರ್ಯಾಣುವ್ರತದ ಅತಿಚಾರಗಳ ಸಾಲಿನಲ್ಲಿ ಇದು ಇರಬೇಕೆಂದು ಯಾರಾದರೂ ಎಣಿಸಿಯಾರು. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದವರಿಗೆ ಅದು ಅಲ್ಲಿ ಕಾಣುವುದಿಲ್ಲ. ಕಳ್ಳನನ್ನು ಪ್ರೇರೇಪಿಸುವುದು, ಕದ್ದ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ನಡೆಸುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿನೊಂದಿಗೆ ನಕಲಿಯನ್ನು ಬೆರೆಸುವುದು, ಇವೆಲ್ಲ ಅಲ್ಲಿವೆ. ನ್ಯಾಸಾಪಹಾರ ಮಾತ್ರ ಸತ್ಯಾಣುವ್ರತದ ಅತಿಚಾರಗಳ ನಡುವೆ, ಕೂಟಲೇಖಕ್ರಿಯೆ ಎಂಬ ಸುಳ್ಳು ಬರಹದ ದೋಷದ ಪಕ್ಕದಲ್ಲಿ ಕುಳಿತಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅದರ ಸ್ಥಾನ ಅದೇ.

ಇದಕ್ಕೆ ಕಾರಣವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ತಿಳಿಯಾಗಿ ಬಿಡಿಸಿದ್ದಾರೆ. ಹೊನ್ನನ್ನು ಇರಿಸಿಹೋದವನು ಕಾಲಾಂತರದಲ್ಲಿ ಮರಳಿ ಬರುತ್ತಾನೆ. ತಾನು ಇರಿಸಿದ್ದು ಎಷ್ಟೆಂಬುದು ಅವನಿಗೆ ಮರೆತಿದೆ. ಇದ್ದುದಕ್ಕಿಂತ ಕಡಿಮೆಯ ಲೆಕ್ಕ ಹೇಳಿ ಕೇಳುತ್ತಾನೆ. ಇರಿಸಿಕೊಂಡವನು ಹೌದೆಂದು ಒಪ್ಪಿ ಅಷ್ಟನ್ನೇ ಎಣಿಸಿಕೊಡುತ್ತಾನೆ. ನ್ಯಾಸಾಪಹಾರವೆಂದರೆ ಆ ಒಂದು ಒಪ್ಪಿಗೆಯ ಮಾತು. ಯಾರೂ ಪೆಟ್ಟಿಗೆ ಒಡೆಯಲಿಲ್ಲ, ಬಾಯಿಬಿಟ್ಟು ಸುಳ್ಳನ್ನು ಕಟ್ಟಲಿಲ್ಲ. ತಪ್ಪು ಲೆಕ್ಕವನ್ನು ಹೇಳಿದವನು ಹಣದ ಒಡೆಯನೇ. ನಡೆದುದಿಷ್ಟೇ: ತಿಳಿದವನು ತಿಳಿಯದವನ ಅಜ್ಞಾನವನ್ನು ತಿದ್ದದೆ ಬಿಟ್ಟ. ಲೌಕಿಕ ನ್ಯಾಯಸ್ಥಾನದಲ್ಲಿ ಇಂಥ ಅಪರಾಧವನ್ನು ಸಿದ್ಧಪಡಿಸುವುದು ಕಷ್ಟ. ಶಾಸ್ತ್ರಕಾರರು ಇದನ್ನು ಹಣದ ದೋಷವೆನ್ನದೆ ವಾಣಿಯ ದೋಷವೆಂದು ಗುರುತಿಸಿದರು.

ಇಂದಿನ ಷೇರು ಕಂಪನಿಗಳಿಗೆ ಈ ಮಾತು ಎಷ್ಟು ಹತ್ತಿರವೆಂಬುದನ್ನು ಹೂಡಿಕೆಯ ಬಗೆಗೆ ಬರೆಯುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಷೇರುದಾರನೆಂದರೆ ತನ್ನ ನ್ಯಾಸದ ಪ್ರಮಾಣವನ್ನು ತಾನೇ ಅರಿಯದವನು. ಕಂಪನಿಯ ಪೆಟ್ಟಿಗೆಯನ್ನು ಅವನು ತೆರೆದು ನೋಡಲಾರ. ಮೂರು ತಿಂಗಳಿಗೊಮ್ಮೆ ಪ್ರಕಟವಾಗುವ ಲೆಕ್ಕ, ವರ್ಷಕ್ಕೊಮ್ಮೆ ಬರುವ ವರದಿ, ಸಂಸ್ಥೆಯ ಮುಖ್ಯಸ್ಥರು ಆಡುವ ಮಾತು, ಇಷ್ಟೇ ಅವನ ಪಾಲಿನ ತಿಳಿವು. ಎಲ್ಲವೂ ಸುಗಮವಾಗಿ ನಡೆಯುತ್ತಿರುವಾಗ ಅವನು ಪ್ರಶ್ನೆ ಕೇಳುವುದೂ ಇಲ್ಲ. ಮುಖ್ಯಸ್ಥನ ಮುಖವೇ ಅವನಿಗೆ ಲೆಕ್ಕಪತ್ರವಾಗಿರುತ್ತದೆ. ಆ ಮುಖ ಒಂದು ಮುಂಜಾನೆ ಮರೆಯಾದಾಗ, ಬಹುಕಾಲದ ಮೇಲೆ ಮರಳಿ ಬಂದ ನ್ಯಾಸದಾತನಂತೆ ಅವನು ಬಾಗಿಲಲ್ಲಿ ನಿಲ್ಲುತ್ತಾನೆ. ಆಗ ಸಂಸ್ಥೆ ಆಡುವ ಮಾತಿನಲ್ಲಿ ವಿಶ್ವಾಸ ಉಳಿಯುವುದೋ ಅಳಿಯುವುದೋ ನಿರ್ಧಾರವಾಗುತ್ತದೆ.

ಬೆಂಗಳೂರು ಇಂಥದೊಂದು ಮುಂಜಾನೆಯನ್ನು ಕಂಡಿದೆ. 2017ರ ಆಗಸ್ಟ್ 18, ಶುಕ್ರವಾರದಂದು ಇನ್ಫೋಸಿಸ್ ಸಂಸ್ಥೆಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ ವಿಶಾಲ್ ಸಿಕ್ಕಾ ಅವರು ರಾಜೀನಾಮೆ ನೀಡಿದರು. 1981ರಲ್ಲಿ ಏಳು ಮಂದಿ ಎಂಜಿನಿಯರುಗಳು ಕಟ್ಟಿದ ಆ ಸಂಸ್ಥೆಯನ್ನು 2014ರವರೆಗೆ ಸ್ಥಾಪಕರೇ ಒಬ್ಬರಾದ ಮೇಲೊಬ್ಬರಂತೆ ನಡೆಸಿದ್ದರು. ಸಿಕ್ಕಾ ಅವರು ಸ್ಥಾಪಕರ ಬಳಗದ ಹೊರಗಿನಿಂದ ಬಂದ ಮೊದಲ ಮುಖ್ಯಸ್ಥರು. ಅವರು ಹೊರಟ ದಿನ ಷೇರಿನ ಬೆಲೆ ಶೇಕಡ 9ಕ್ಕೂ ಮೀರಿ ಇಳಿಯಿತು. ಪೇಟೆಯ ಲೆಕ್ಕದಲ್ಲಿ 22 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಮೌಲ್ಯ ಒಂದೇ ದಿನದಲ್ಲಿ ಕರಗಿತು. ಮರುದಿನ ಸಂಸ್ಥೆಯು ಷೇರೊಂದಕ್ಕೆ 1,150 ರೂಪಾಯಿಯಂತೆ 13 ಸಾವಿರ ಕೋಟಿ ರೂಪಾಯಿ ಮೊತ್ತದ ಷೇರುಗಳನ್ನು ತಾನೇ ಮರಳಿ ಕೊಳ್ಳುವುದಾಗಿ ಸಾರಿತು. ಪೇಟೆಯಲ್ಲಿದ್ದ ಬೆಲೆಗಿಂತ ಅದು ಎಷ್ಟೋ ಹೆಚ್ಚು. ಆದರೂ ಸೋಮವಾರ ಬೆಲೆ ಮತ್ತೆ ಕುಸಿಯಿತು.

ಈ ಸೋಮವಾರದ ಕುಸಿತ ವಿಚಾರಮಾಡತಕ್ಕ ಸಂಗತಿ. ಹೂಡಿಕೆದಾರನಿಗೆ ಬೇಕಾದುದು ಕೇವಲ ಹಣವಾಗಿದ್ದರೆ ಮರುಖರೀದಿಯ ಘೋಷಣೆಯಿಂದ ಅವನು ಸಮಾಧಾನ ಹೊಂದಬೇಕಿತ್ತು. ಅವನು ಕೇಳುತ್ತಿದ್ದುದು ಬೇರೆ. ಇಸ್ರೇಲಿನ ಪನಾಯ ಎಂಬ ಕಂಪನಿಯನ್ನು 2015ರಲ್ಲಿ 20 ಕೋಟಿ ಡಾಲರಿಗೆ ಕೊಂಡ ವ್ಯವಹಾರ ಸರಿಯಾಗಿತ್ತೇ? ಹೊರನಡೆದ ಹಣಕಾಸು ಮುಖ್ಯಾಧಿಕಾರಿಗೆ 17 ಕೋಟಿ ರೂಪಾಯಿಗೂ ಮಿಕ್ಕ ನಿರ್ಗಮನ ಧನವನ್ನು ಒಪ್ಪಿಕೊಂಡುದು ಏಕೆ? ಸ್ಥಾಪಕರಲ್ಲಿ ಹಿರಿಯರಾದ ಎನ್.ಆರ್. ನಾರಾಯಣಮೂರ್ತಿಯವರು ಈ ಪ್ರಶ್ನೆಗಳನ್ನು ಬಹಿರಂಗವಾಗಿ ಎತ್ತಿದ್ದರು. ಹೊರಗಿನ ತನಿಖಾಕಾರರು ಪರಿಶೀಲಿಸಿ ಯಾವ ಅಕ್ರಮವೂ ನಡೆದಿಲ್ಲವೆಂದು ತಿಳಿಸಿದ್ದಾರೆ ಎಂಬುದು ಆಡಳಿತ ಮಂಡಳಿಯ ಉತ್ತರವಾಗಿತ್ತು. ಹಾಗಾದರೆ ಆ ವರದಿಯನ್ನು ಪೂರ್ತಿಯಾಗಿ ಪ್ರಕಟಿಸಬೇಕೆಂಬುದು ಮೂರ್ತಿಯವರ ಆಗ್ರಹ. ಆಗಸ್ಟ್ 18ರ ಹೇಳಿಕೆಯಲ್ಲಿ ಮಂಡಳಿಯು ಮುಖ್ಯಸ್ಥರ ನಿರ್ಗಮನದ ಹೊಣೆಯನ್ನು ಮೂರ್ತಿಯವರ ಟೀಕೆಯ ಮೇಲೆ ಹೊರಿಸಿತು. ಒಂದು ವಾರ ತುಂಬುವ ಮೊದಲೇ, 24ರಂದು, ಮಂಡಳಿಯ ಅಧ್ಯಕ್ಷರೂ ಕೆಲವು ನಿರ್ದೇಶಕರೂ ಸ್ಥಾನ ತೆರವುಗೊಳಿಸಿದರು. ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿಯವರು ಅಧ್ಯಕ್ಷರಾಗಿ ಮರಳಿದರು. ಪೇಟೆ ಚೇತರಿಸಿಕೊಂಡಿತು. 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಅವರು ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾಗಿ ಬಂದರು.

ಇಲ್ಲಿಗೆ ಕಥೆ ಸುಖಾಂತವೆಂದು ವ್ಯಾಪಾರದ ಪುಟಗಳು ಮುಗಿಸಿಬಿಟ್ಟವು. ಆದರೆ ಅದರ ನಡುವೆ 2017ರ ಅಕ್ಟೋಬರಿನಲ್ಲಿ ನಡೆದುದನ್ನು ಮರೆಯಲಾಗದು. ಅಕ್ರಮದ ಆರೋಪಗಳಲ್ಲಿ ಹುರುಳಿಲ್ಲವೆಂಬ ಹಳೆಯ ನಿರ್ಣಯವನ್ನೇ ಹೊಸ ಮಂಡಳಿಯೂ ಎತ್ತಿಹಿಡಿಯಿತು. ತನಿಖೆಯ ಹೆಚ್ಚಿನ ವಿವರಗಳನ್ನು ಹೊರಗೆಡಹಿದರೆ ಮುಂದಿನ ತನಿಖೆಗಳಿಗೆ ತೊಡಕಾದೀತೆಂದು ಹೇಳಿ ಪೂರ್ಣ ವರದಿಯನ್ನು ಪ್ರಕಟಿಸಲಿಲ್ಲ. ಮುಖ ಬದಲಾದುದರಿಂದ ಪೇಟೆಗೆ ತೃಪ್ತಿಯಾಗಿತ್ತು. ಆಗಸ್ಟಿನಲ್ಲಿ ಕೇಳಿದ ಪ್ರಶ್ನೆಯನ್ನು ಅಕ್ಟೋಬರಿನಲ್ಲಿ ಮತ್ತೆ ಕೇಳಿದವರು ವಿರಳ. ಮಂಡಳಿಯ ಕಾರಣ ನಿರಾಧಾರವೆನ್ನಲಾಗದು. ದೂರು ಕೊಟ್ಟವರ ರಕ್ಷಣೆಯೂ ಒಂದು ಧರ್ಮ. ಇನ್ನೊಬ್ಬರ ಗುಟ್ಟನ್ನು ಬಯಲಿಗೆಳೆಯುವುದೂ ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದೆಂದು ಅದೇ ಸೂತ್ರ ಎಚ್ಚರಿಸಿದೆ. ಆದರೂ ಸಂದೇಹವಿದ್ದಲ್ಲಿ ಬಹಿರಂಗಪಡಿಸಬೇಕೆಂಬುದನ್ನು ತನ್ನ ನಡವಳಿಕೆಯ ಸೂತ್ರವಾಗಿ ಇರಿಸಿಕೊಂಡು ಬೆಳೆದ ಸಂಸ್ಥೆ ಅದು. ಆ ಸೂತ್ರದ ಅಳತೆಗೋಲಿನಿಂದ ನೋಡಿದರೆ, ಹೆಸರುಗಳನ್ನು ಮರೆಮಾಡಿ ಸಾರವನ್ನಾದರೂ ವಿಸ್ತಾರವಾಗಿ ತಿಳಿಸುವ ದಾರಿ ತೆರೆದೇ ಇತ್ತು.

ಇಂಥ ಪ್ರಸಂಗದಲ್ಲಿ ಅನೇಕಾಂತವನ್ನು ಎಳೆದುತಂದು ಮೂರ್ತಿಯವರದೂ ಸರಿ, ಮಂಡಳಿಯದೂ ಸರಿ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಅನೇಕಾಂತದ ಹೆಸರಿನಲ್ಲಿ ನಡೆಯುವ ಸೋಮಾರಿತನವಿದು. ‘ಸ್ಯಾತ್’ ಎಂಬ ಪದ, ಯಾವ ಅಪೇಕ್ಷೆಯಿಂದ ಈ ಮಾತನ್ನು ಆಡುತ್ತಿದ್ದೇನೆ ಎಂಬುದನ್ನು ಹೇಳುವ ಹೊಣೆಯನ್ನು ಆಡುವವನ ಮೇಲೆ ಹೊರಿಸುತ್ತದೆ. ಅಕ್ರಮ ನಡೆದಿಲ್ಲವೆಂಬುದು ತನಿಖಾಕಾರನ ಅಪೇಕ್ಷೆಯಿಂದ ಒಂದು ಉತ್ತರ. ತನಗೆ ತಿಳಿಸಬೇಕಾದುದೆಲ್ಲವನ್ನೂ ತಿಳಿಸಿದ್ದಾರೆಯೇ ಎಂಬುದು ನ್ಯಾಸದಾತನ ಅಪೇಕ್ಷೆಯಿಂದ ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಕೊಟ್ಟ ಉತ್ತರದಿಂದ ಎರಡನೆಯದು ತೀರುವುದಿಲ್ಲ.

ನ್ಯಾಸ ಮತ್ತು ಹೆಸರು ಇವೆರಡರ ನಂಟನ್ನು ಕುರಿತು ಶ್ರಾವಕಾಚಾರದ ಪರಂಪರೆಯಲ್ಲಿ ಒಂದು ಪ್ರಸಿದ್ಧ ಕಥೆಯಿದೆ. ಅಸತ್ಯಕ್ಕೆ ದೃಷ್ಟಾಂತವಾಗಿ ಸಮಂತಭದ್ರರು ಹೆಸರಿಸುವ ಸತ್ಯಘೋಷನ ಕಥೆ ಅದು. ಸಿಂಹಪುರದ ರಾಜ ಸಿಂಹಸೇನನ ಪುರೋಹಿತ ಶ್ರೀಭೂತಿ. ಅವನು ತನ್ನ ಯಜ್ಞೋಪವೀತಕ್ಕೆ ಒಂದು ಕತ್ತಿಯನ್ನು ಕಟ್ಟಿಕೊಂಡು ತಿರುಗುತ್ತಿದ್ದ. ಅಪ್ಪಿತಪ್ಪಿ ಸುಳ್ಳು ನುಡಿದರೆ ಅದರಿಂದಲೇ ತನ್ನ ನಾಲಗೆಯನ್ನು ಕತ್ತರಿಸಿಕೊಳ್ಳುವುದಾಗಿ ಸಾರುತ್ತಿದ್ದ. ಜನರು ಮರುಳಾಗಿ ಅವನನ್ನು ಸತ್ಯಘೋಷನೆಂದೇ ಕರೆದರು; ತಮ್ಮ ಧನವನ್ನು ತಂದು ಅವನಲ್ಲಿ ಇರಿಸಿದರು. ಅವನು ಅದರಲ್ಲಿ ಕೆಲಭಾಗವನ್ನು ನುಂಗಿ ಉಳಿದುದನ್ನು ಕೊಡುತ್ತಿದ್ದ. ಅವನ ಮೇಲೆ ದೂರು ಹೇಳಲು ಯಾರಿಗೂ ಧೈರ್ಯವಿರಲಿಲ್ಲ; ಹೇಳಿದರೆ ನಂಬುವವರೂ ಇರಲಿಲ್ಲ. ಒಮ್ಮೆ ಸಮುದ್ರದತ್ತನೆಂಬ ವರ್ತಕ ಬೆಲೆಬಾಳುವ ಐದು ರತ್ನಗಳನ್ನು ಅವನಲ್ಲಿರಿಸಿ ಕಡಲ ವ್ಯಾಪಾರಕ್ಕೆ ಹೋದ. ಹಡಗು ಒಡೆದು ಸರ್ವಸ್ವವನ್ನೂ ಕಳೆದುಕೊಂಡು ಮರಳಿದಾಗ ಸತ್ಯಘೋಷ ಅವನನ್ನು ಗುರುತಿಸಲೇ ಇಲ್ಲ. ಕಡಲಲ್ಲಿ ಧನ ಕಳೆದುಕೊಂಡ ದುಃಖಕ್ಕೆ ಇವನಿಗೆ ಹುಚ್ಚು ಹಿಡಿದಿದೆಯೆಂದು ಹೇಳಿ ಹೊರಗಟ್ಟಿಸಿದ.

ಈ ಕತ್ತಿಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಗೆ 2008ರಲ್ಲಿ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಸಂದಿತ್ತು. ಕೆಲವೇ ತಿಂಗಳ ಬಳಿಕ, 2009ರ ಜನವರಿ 7ರಂದು, ಅದರ ಸ್ಥಾಪಕ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ರಾಜೀನಾಮೆ ಪತ್ರದಲ್ಲಿಯೇ ತಪ್ಪೊಪ್ಪಿಗೆಯನ್ನೂ ಬರೆದರು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಆ ಒಂದು ದಿನದಲ್ಲಿ ಷೇರು ತನ್ನ ಬೆಲೆಯ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕಳೆದುಕೊಂಡಿತು. ಪ್ರಶಸ್ತಿಯನ್ನು ಆಮೇಲೆ ಹಿಂಪಡೆಯಲಾಯಿತು. ಹೆಸರಿನಲ್ಲಿ ಸತ್ಯ, ಕೊರಳಲ್ಲಿ ಕತ್ತಿ, ಪೆಟ್ಟಿಗೆಯಲ್ಲಿ ಶೂನ್ಯ: ಪುರಾಣಕ್ಕೂ ಪತ್ರಿಕೆಯ ಮುಖಪುಟಕ್ಕೂ ಇಷ್ಟು ಸಾಮ್ಯವಿರುವ ಪ್ರಸಂಗ ಅಪರೂಪ.

ಸತ್ಯಂ ಮತ್ತು ಇನ್ಫೋಸಿಸ್ ಪ್ರಸಂಗಗಳನ್ನು ಒಂದೇ ತಕ್ಕಡಿಯಲ್ಲಿ ಇರಿಸಲಾಗದು. ಒಂದರಲ್ಲಿ ಕೂಟಲೇಖವೇ ನಡೆದಿತ್ತು. ಇನ್ನೊಂದರಲ್ಲಿ ನ್ಯಾಸ ಭದ್ರವಾಗಿತ್ತು. ವಿವಾದವಿದ್ದುದು ಅದರ ಬಗೆಗೆ ಎಷ್ಟು ಹೇಳಬೇಕು ಎಂಬುದರಲ್ಲಿ. ಆದರೂ ಎರಡರಿಂದಲೂ ಹೂಡಿಕೆದಾರ ಕಲಿತದ್ದು ಒಂದುಂಟು. ಸತ್ಯಂ ಸಂಸ್ಥೆಯಲ್ಲಿ ಸರ್ಕಾರ ಕೆಲವೇ ದಿನಗಳಲ್ಲಿ ಹಳೆಯ ಮಂಡಳಿಯನ್ನು ತೆಗೆದು ಗೌರವಾನ್ವಿತರಾದ ಹೊಸಬರನ್ನು ಕೂರಿಸಿತು. ಏಪ್ರಿಲ್ ಹೊತ್ತಿಗೆ ಟೆಕ್ ಮಹೀಂದ್ರ ಸಂಸ್ಥೆ ಅದನ್ನು ಕೊಂಡಿತು. ಆದರೆ ಕೆಟ್ಟ ಲೆಕ್ಕವನ್ನು ಮರಳಿ ಬರೆದು ಪ್ರಕಟಿಸಲು 2010ರ ಸೆಪ್ಟೆಂಬರ್‌ವರೆಗೆ ಕಾಲ ಹಿಡಿಯಿತು. ಒಳ್ಳೆಯ ಮುಖಗಳನ್ನು ತರಲು ವಾರ ಸಾಕಾಯಿತು, ಲೆಕ್ಕವನ್ನು ತಿದ್ದಲು ಒಂದೂವರೆ ವರ್ಷಕ್ಕೂ ಹೆಚ್ಚು ಬೇಕಾಯಿತು.

ಹೊರಡುವವರ ಮಾತನ್ನೂ ಉಳಿದವರ ಮಾತನ್ನೂ ತೂಗಲು ಜೈನ ಮುನಿಧರ್ಮದಲ್ಲಿ ಒಂದು ಸೂಕ್ಷ್ಮವಾದ ಸಾಧನವಿದೆ. ಮುನಿಯು ತನ್ನ ದೋಷವನ್ನು ಗುರುವಿನ ಮುಂದೆ ನಿವೇದಿಸಿಕೊಳ್ಳುವುದಕ್ಕೆ ‘ಆಲೋಚನಾ’ ಎಂದು ಹೆಸರು. ಕನ್ನಡದಲ್ಲಿ ಬಳಕೆಯಲ್ಲಿರುವ ಚಿಂತನೆಯ ಅರ್ಥ ಇಲ್ಲಿ ಸಲ್ಲದು. ಈ ನಿವೇದನೆಯೇ ಹತ್ತು ಬಗೆಯಲ್ಲಿ ಕೆಡಬಹುದೆಂದು ಶಿವಾರ್ಯರ ಭಗವತೀ ಆರಾಧನೆ ಎಣಿಸಿಕೊಟ್ಟಿದೆ. ತಪ್ಪನ್ನು ಮುಚ್ಚಿಡುವವರ ವಿಷಯ ಅಲ್ಲಿಲ್ಲ, ಹೇಳಿಯೂ ಹೇಳದಂತಿರುವವರ ವಿಷಯವಿದೆ. ಮೊದಲು ಗುರುವಿನ ಮನಸ್ಸನ್ನು ಸೇವೆಯಿಂದ ಕರಗಿಸಿ ಆಮೇಲೆ ಹೇಳುವುದು ‘ಆಕಂಪಿತ’. ಪರರು ಕಂಡುಹಿಡಿದ ದೋಷವನ್ನು ಮಾತ್ರ ಹೇಳಿ ಯಾರೂ ಕಾಣದುದನ್ನು ಬಿಡುವುದು ‘ದೃಷ್ಟ’. ಚಿಕ್ಕಪುಟ್ಟ ತಪ್ಪುಗಳನ್ನು ಎಳೆಎಳೆಯಾಗಿ ಹೇಳಿ ದೊಡ್ಡದನ್ನು ಅಡಗಿಸುವುದು ‘ಸೂಕ್ಷ್ಮ’. ಎಲ್ಲರೂ ಕೂಡಿ ಗದ್ದಲವಾಗಿ ನಿವೇದಿಸುತ್ತಿರುವಾಗ ಗುರುವಿಗೆ ಕೇಳಿಸದಂತೆ ನಡುವೆ ಸೇರಿಸಿ ಹೇಳಿಬಿಡುವುದು ‘ಶಬ್ದಾಕುಲಿತ’.

ಕಂಪನಿಗಳ ಪ್ರಕಟಣೆಗಳನ್ನು ಓದಿ ಅಭ್ಯಾಸವಿರುವ ಯಾರಿಗಾದರೂ ಈ ನಾಲ್ಕೂ ಪರಿಚಿತವೆನಿಸದಿರದು. ಹೆಚ್ಚುವರಿ ಲಾಭಾಂಶವನ್ನು ಸಾರಿ ಅದೇ ದಿನ ಅಪ್ರಿಯ ಸುದ್ದಿಯನ್ನು ಹೇಳುವುದು ಆಕಂಪಿತ. ಪತ್ರಿಕೆಯಲ್ಲಿ ಬಂದುದಕ್ಕಷ್ಟೇ ಸ್ಪಷ್ಟನೆ ಕೊಡುವುದು ದೃಷ್ಟ. ನೂರಾರು ಪುಟಗಳ ವಾರ್ಷಿಕ ವರದಿಯಲ್ಲಿ ವಿದ್ಯುತ್ ಉಳಿತಾಯದ ಲೆಕ್ಕ ದಶಮಾಂಶದವರೆಗೆ ಇದ್ದು, ಮುಖ್ಯಸ್ಥ ಅವಧಿಗೆ ಮುನ್ನ ಹೊರಟುದೇಕೆ ಎಂಬುದು ಒಂದೇ ಸಾಲಿನಲ್ಲಿ ಮುಗಿದಿದ್ದರೆ ಅದು ಸೂಕ್ಷ್ಮ. ಫಲಿತಾಂಶಗಳ ಸುರಿಮಳೆಯಾಗುವ ಸಂಜೆ, ಹಬ್ಬದ ಹಿಂದಿನ ರಾತ್ರಿ ಸದ್ದಿಲ್ಲದೆ ಹೊರಬರುವ ಪ್ರಕಟಣೆ ಶಬ್ದಾಕುಲಿತದ ಉತ್ತಮ ಮಾದರಿ. ಇವೆಲ್ಲವೂ ಕಾನೂನಿಗೆ ಒಪ್ಪಿತವಾಗಿರಬಹುದು. ಮಾಹಿತಿ ಹೊರಬಂದಿದೆ, ತಲುಪಿಲ್ಲ.

ಕಾನೂನು ಸುಮ್ಮನಿದೆಯೆಂದಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2023ರಲ್ಲಿ ತನ್ನ ನಿಯಮಗಳನ್ನು ತಿದ್ದಿತು. ನೋಂದಾಯಿತ ಕಂಪನಿಯ ಪ್ರಮುಖ ಅಧಿಕಾರಿಗಳು ಹುದ್ದೆ ತೊರೆದರೆ, ನಿರ್ಗಮನ ಜಾರಿಯಾದ 7 ದಿನಗಳೊಳಗೆ ಅವರ ರಾಜೀನಾಮೆ ಪತ್ರವನ್ನು ಕಾರಣಗಳ ಸಹಿತ ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಬೇಕು. ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಸ್ಥಾನವನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ತುಂಬಬೇಕು. ನ್ಯಾಸದಾತನ ಹಕ್ಕನ್ನು ಗುರುತಿಸಿದ ಒಳ್ಳೆಯ ನಿಯಮಗಳಿವು. ಆದರೆ ಪತ್ರದಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆದರೆ ನಿಯಮ ಪಾಲನೆಯಾದಂತೆಯೇ. ಕೆಲವರಿಗೆ ಕಾರಣ ನಿಜವಾಗಿಯೂ ವೈಯಕ್ತಿಕವಾಗಿರುತ್ತದೆ. ಕಾಯಿಲೆಯನ್ನೋ ಮನೆಯ ಕಷ್ಟವನ್ನೋ ಬೀದಿಗೆ ತರಬೇಕೆಂದು ಯಾವ ಧರ್ಮವೂ ಹೇಳದು. ಕಾರಣ ಬೇರೆಯಿದ್ದು, ಮಂಡಳಿಗೂ ಅದು ತಿಳಿದಿದ್ದು, ಷೇರುದಾರ ‘ವೈಯಕ್ತಿಕವಿರಬೇಕು’ ಎಂದು ತನ್ನಷ್ಟಕ್ಕೆ ತಿಳಿದುಕೊಂಡಾಗ ಎಲ್ಲರೂ ತಲೆಯಾಡಿಸಿದರೆ, ಆ ತಲೆಯಾಡಿಸುವಿಕೆ ಪೂಜ್ಯಪಾದರು ಹೇಳಿದ ಒಪ್ಪಿಗೆಯ ಮಾತಿಗಿಂತ ಭಿನ್ನವಲ್ಲ.

ಇನ್ನು ಹೊರಡುವವನ ಧರ್ಮ. ಆರಾಧನೆಯ ಗ್ರಂಥದಲ್ಲಿ ಆಚಾರ್ಯನು ಗಣವನ್ನು ಬಿಡುವ ಕ್ರಮ ವಿಸ್ತಾರವಾಗಿಯೇ ಬರುತ್ತದೆ. ಸಲ್ಲೇಖನಕ್ಕೆ ಸಿದ್ಧನಾಗುವ ಆಚಾರ್ಯ ಮೊದಲು ತಕ್ಕವನೊಬ್ಬನನ್ನು ಆ ಸ್ಥಾನದಲ್ಲಿ ನಿಲ್ಲಿಸಬೇಕು. ಗಣದ ಎದುರಿನಲ್ಲಿ ಅವನಿಗೆ ಹೊಣೆಯನ್ನು ಒಪ್ಪಿಸಬೇಕು. ಬಾಲರು ವೃದ್ಧರೆನ್ನದೆ ಎಲ್ಲರಲ್ಲಿಯೂ ತಾನು ಆಡಿರಬಹುದಾದ ಕಟುನುಡಿಗಾಗಿ ಕ್ಷಮೆ ಬೇಡಬೇಕು. ಹೊಸ ಆಚಾರ್ಯನಿಗೂ ಗಣಕ್ಕೂ ಬೇರೆಬೇರೆಯಾಗಿ ಉಪದೇಶ ನೀಡಬೇಕು. ಅಷ್ಟಾದ ಮೇಲೆ, ಆಶ್ಚರ್ಯವೆನಿಸುವಂತೆ, ಅವನು ತನ್ನ ಗಣವನ್ನು ತೊರೆದು ಬೇರೊಂದು ಗಣಕ್ಕೆ ಹೋಗಬೇಕು. ತನ್ನವರ ನಡುವೆಯೇ ಉಳಿದರೆ ಏನಾದೀತೆಂಬುದನ್ನು ಗ್ರಂಥ ಸಂಕೋಚವಿಲ್ಲದೆ ಹೇಳುತ್ತದೆ: ತನ್ನ ಆಜ್ಞೆಯನ್ನು ಮೀರಿದವರನ್ನು ಕಂಡು ಕೋಪ ಬಂದೀತು, ಕಟುನುಡಿ ಹೊರಟೀತು, ಕಲಹ ಹುಟ್ಟೀತು, ಸ್ನೇಹವೂ ಕರುಣೆಯೂ ಅಡ್ಡಬಂದಾವು. ಜೀವಮಾನವೆಲ್ಲ ಕಷಾಯಗಳನ್ನು ಗೆದ್ದುಬಂದ ಆಚಾರ್ಯನ ವಿಷಯದಲ್ಲಿಯೇ ಇಷ್ಟು ಎಚ್ಚರಿಕೆ. ಕನ್ನಡದ ಮೊದಮೊದಲ ಗದ್ಯಕೃತಿಗಳಲ್ಲೊಂದಾದ ವಡ್ಡಾರಾಧನೆಯ ಕಥೆಗಳಿಗೆ ಬೇರು ಇರುವುದೂ ಈ ಆರಾಧನೆಯ ಪರಂಪರೆಯಲ್ಲಿಯೇ.

ಆ ಕೃತಿಯಲ್ಲಿ ಬರುವ ಭದ್ರಬಾಹು ಭಟಾರರ ಕಥೆಯನ್ನು ಈ ನಾಡಿನಲ್ಲಿ ಬಲ್ಲವರು ಬಹಳ. ಹನ್ನೆರಡು ವರ್ಷಗಳ ಕ್ಷಾಮ ಬರುವುದನ್ನು ಅರಿತು ಸಂಘವನ್ನು ದಕ್ಷಿಣಕ್ಕೆ ಕರೆತಂದ ಶ್ರುತಕೇವಲಿ ಅವರು. ಕಳ್ಬಪ್ಪುವಿನ ಬೆಟ್ಟದಲ್ಲಿ, ಅಂದರೆ ಇಂದಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ತಮ್ಮ ಆಯುಷ್ಯ ಮುಗಿಯುತ್ತಿದೆಯೆಂದು ತಿಳಿದರು. ಸಂಘವನ್ನು ವಿಶಾಖಾಚಾರ್ಯರಿಗೆ ಒಪ್ಪಿಸಿ ಮುಂದೆ ಕಳುಹಿಸಿ ತಾವು ಅಲ್ಲಿಯೇ ಉಳಿದರು. ಸೇವೆಗೆ ನಿಂತವನು ಚಂದ್ರಗುಪ್ತನೊಬ್ಬ. ಕ್ಷಾಮ ಮುಗಿದಿರಲಿಲ್ಲ, ದಾರಿ ಸವೆದಿರಲಿಲ್ಲ. ಸಂಘ ತಮ್ಮನ್ನೇ ನೆಚ್ಚಿ ಅಷ್ಟು ದೂರ ನಡೆದುಬಂದಿತ್ತು. ಆದರೂ ಕಾರಣವನ್ನು ತಿಳಿಸಿ, ಹೊಣೆಯನ್ನು ಒಪ್ಪಿಸಿ, ಸಂಘವನ್ನು ತಮ್ಮ ಕಣ್ಣೆದುರಿಗೇ ಮುಂದೆ ನಡೆಯಗೊಟ್ಟರು. ಬೆಳಗೊಳದ ಮಠದಲ್ಲಿ ಪೀಠವೇರಿದ ಭಟ್ಟಾರಕರೆಲ್ಲರೂ ಚಾರುಕೀರ್ತಿ ಎಂಬ ಒಂದೇ ಹೆಸರನ್ನು ಧರಿಸುತ್ತಾರೆ. 2023ರ ಮಾರ್ಚಿನಲ್ಲಿ ಹಿರಿಯ ಭಟ್ಟಾರಕರು ಕಾಲವಶರಾದಾಗಲೂ ಆ ಹೆಸರು ಹೊಸಬರಿಗೆ ಸಂದಿತು. ಹೆಸರು ಪೀಠದ್ದು, ವ್ಯಕ್ತಿಯದಲ್ಲ. ಮುಖ್ಯಸ್ಥನ ಭಾವಚಿತ್ರವನ್ನೇ ಸಂಸ್ಥೆಯ ಲಾಂಛನವಾಗಿಸಿಕೊಂಡು ಅವನು ಹೋದ ದಿನ ಕಂಗಾಲಾಗುವ ಕಂಪನಿಗಳು ಇದನ್ನೊಮ್ಮೆ ನೋಡಬಹುದು.

ಈ ಬೆಳಕಿನಲ್ಲಿ 2017ರ ಸ್ಥಾಪಕರ ಪಾತ್ರವನ್ನು ಹೇಗೆ ಎಣಿಸಬೇಕು? ಮೂರ್ತಿಯವರೂ ಅವರ ಕುಟುಂಬದವರೂ ಷೇರುದಾರರು. ನ್ಯಾಸದಾತರಾಗಿ ಲೆಕ್ಕ ಕೇಳುವುದು ಅವರ ಹಕ್ಕಾಗಿತ್ತು. ಅವರು ಕೇಳಿದ ಪ್ರಶ್ನೆಗಳು ಸಣ್ಣ ಷೇರುದಾರ ಕೇಳಲಾರದೆ ಉಳಿಸಿಕೊಂಡಿದ್ದ ಪ್ರಶ್ನೆಗಳೇ. ಅಷ್ಟರಮಟ್ಟಿಗೆ ಅವರದು ಉಪಕಾರ. ಆದರೆ ಸ್ಥಾಪಕನ ಪ್ರಶ್ನೆ ಕೇಳುವವರ ಕಿವಿಗೆ ಪ್ರಶ್ನೆಯಾಗಿ ಮಾತ್ರ ಬೀಳುವುದಿಲ್ಲ. ಹಳೆಯ ಆಜ್ಞೆಯ ದನಿ ಅದರಲ್ಲಿ ಬೆರೆತೇ ಇರುತ್ತದೆ. ಉತ್ತರ ಕೊಡಬೇಕಾದ ಮಂಡಳಿಯೂ ಪ್ರಶ್ನೆಯನ್ನು ಬಿಟ್ಟು ದನಿಯೊಂದಿಗೆ ಜಗಳಕ್ಕೆ ನಿಂತಿತು. ಪರಗಣಕ್ಕೆ ಹೋಗಬೇಕೆಂದು ವಿಧಿಸಿದವರು ಮುಂಗಂಡದ್ದು ಇದನ್ನೇ. ಅಂದಮೇಲೆ ಹೊಣೆಯ ಹೆಚ್ಚಿನ ಪಾಲು ಮಂಡಳಿಯದೇ: ಪ್ರಶ್ನೆ ಯಾರದಾದರೂ ಇರಲಿ, ಉತ್ತರ ನ್ಯಾಸದಾತರೆಲ್ಲರಿಗೂ ಸಲ್ಲತಕ್ಕದ್ದು. ಆ ವರ್ಷ ಗಣೇಶ ಚೌತಿ ಆಗಸ್ಟ್ 25ಕ್ಕೆ ಬಿದ್ದಿತ್ತು. ಮರುದಿನ ಭಾದ್ರಪದ ಶುದ್ಧ ಪಂಚಮಿಯಿಂದ ದಶಲಕ್ಷಣ ಪರ್ವ. ಬಸದಿಗಳಲ್ಲಿ ಉತ್ತಮ ಕ್ಷಮೆ, ಉತ್ತಮ ಮಾರ್ದವ, ಉತ್ತಮ ಆರ್ಜವಗಳ ಪ್ರವಚನ ನಡೆಯುತ್ತಿದ್ದ ಆ ದಿನಗಳಲ್ಲಿ ಪತ್ರಿಕೆಗಳ ತುಂಬ ಇದೇ ಜಗಳದ ಸುದ್ದಿಯಿತ್ತು. ಒಳಗೊಂದು ಹೊರಗೊಂದು ಇಲ್ಲದಿರುವುದೇ ಆರ್ಜವವೆಂದು ಕೇಳಿಬಂದ ಶ್ರಾವಕರಲ್ಲಿ ಆ ಷೇರುಗಳನ್ನು ಹೊಂದಿದ್ದವರೂ ಇದ್ದಿರಬೇಕು.

ಹೂಡಿಕೆದಾರನೂ ಈ ಲೆಕ್ಕದಿಂದ ಹೊರಗಿನವನಲ್ಲ. ಅವನು ಕಳೆದುಕೊಂಡೆನೆನ್ನುವುದರಲ್ಲಿ ನ್ಯಾಸವೆಷ್ಟು, ಆಸೆಯೆಷ್ಟು ಎಂಬುದನ್ನು ಬೇರೆಮಾಡಿ ನೋಡಬೇಕು. ಷೇರಿನ ನಾಳಿನ ಬೆಲೆಯನ್ನು ಯಾರೂ ಯಾರ ಬಳಿಯೂ ಇರಿಸಿರಲಿಲ್ಲ. ಕರಗಿತೆನ್ನಲಾದ 22 ಸಾವಿರ ಕೋಟಿ ಯಾವ ಪೆಟ್ಟಿಗೆಯಲ್ಲಿಯೂ ಇದ್ದುದಲ್ಲ. ಮುಖ್ಯಸ್ಥ ಉಳಿದಿದ್ದರೆ ಇಷ್ಟು ಬೆಳೆಯುತ್ತಿತ್ತು ಎಂಬ ಕಲ್ಪನೆಗೆ ಹೊಣೆಗಾರರಿಲ್ಲ. ಪರಿಗ್ರಹಪರಿಮಾಣ ವ್ರತವನ್ನು ಕೈಗೊಂಡ ಗೃಹಸ್ಥ ತನ್ನ ಸಂಪತ್ತಿಗೆ ಒಂದು ಎಲ್ಲೆಯನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾನೆ. ಬೆಲೆ ಇಳಿದ ದಿನ ಅವನಿಗೂ ನಷ್ಟವಾಗುತ್ತದೆ, ಆದರೆ ನಷ್ಟದ ಗದ್ದಲದಲ್ಲಿ ತನ್ನ ನಿಜವಾದ ಪ್ರಶ್ನೆ ಮುಳುಗಲು ಅವನು ಬಿಡುವುದಿಲ್ಲ. ಬೆಲೆ ಮರಳಿ ಏರಿದೊಡನೆ ಪ್ರಶ್ನೆಯನ್ನೇ ಮರೆತವರು, ತಾವು ಕೇಳಿದ್ದು ಲೆಕ್ಕವನ್ನಲ್ಲ, ಬೆಲೆಯನ್ನೇ ಎಂದು ತಾವೇ ಒಪ್ಪಿಕೊಂಡಂತಾಯಿತು. ಇಂಥ ಹೂಡಿಕೆದಾರರು ಹೆಚ್ಚಾದಷ್ಟೂ ಮಂಡಳಿಗಳಿಗೆ ಮೌನ ಸುಲಭ.

ಸಮುದ್ರದತ್ತ ಹಾಗೆ ಮರೆಯಲಿಲ್ಲ. ಅರಮನೆಯ ಬಳಿಯ ಮರವೊಂದನ್ನೇರಿ ಆರು ತಿಂಗಳ ಕಾಲ ಪ್ರತಿ ರಾತ್ರಿಯ ಕಡೆಯ ಜಾವದಲ್ಲಿ ಸತ್ಯಘೋಷ ತನ್ನ ಐದು ರತ್ನಗಳನ್ನು ಕೊಡುತ್ತಿಲ್ಲವೆಂದು ಕೂಗಿದ. ನಿತ್ಯವೂ ಅದೇ ಹೊತ್ತು, ಅದೇ ಮಾತು, ಅದೇ ಎಣಿಕೆ. ರಾಣಿ ರಾಮದತ್ತೆ ಅದನ್ನು ಕೇಳಿ, ಹುಚ್ಚನ ಮಾತು ಹೀಗೆ ಒಂದೇ ತೆರನಾಗಿರದೆಂದು ಗ್ರಹಿಸಿದಳು. ಪುರೋಹಿತನೊಡನೆ ಪಗಡೆಯಾಡಿ ಅವನ ಉಂಗುರವನ್ನೂ ಕತ್ತಿ ಕಟ್ಟಿದ್ದ ಯಜ್ಞೋಪವೀತವನ್ನೂ ಗೆದ್ದಳು. ಅವುಗಳನ್ನು ಗುರುತಾಗಿ ಅವನ ಮನೆಗೆ ಕಳುಹಿಸಿ ಹೆಂಡತಿಯ ಕೈಯಿಂದ ರತ್ನಗಳನ್ನು ತರಿಸಿದಳು. ಅಷ್ಟರಿಂದಲೇ ರಾಜ ತೀರ್ಪು ಕೊಡಲಿಲ್ಲ. ಆ ಐದನ್ನು ತನ್ನ ಬೊಕ್ಕಸದ ಅನೇಕ ರತ್ನಗಳೊಂದಿಗೆ ಬೆರೆಸಿ ರಾಶಿಯನ್ನು ವರ್ತಕನ ಮುಂದೆ ಸುರಿಸಿ, ನಿನ್ನವು ಯಾವುವೋ ತೆಗೆದುಕೋ ಎಂದ. ಹಡಗು, ಸರಕು, ಸರ್ವಸ್ವವನ್ನೂ ಕಳೆದುಕೊಂಡಿದ್ದ ಆ ಮನುಷ್ಯ ಹೊಳೆಯುವ ರಾಶಿಯಲ್ಲಿ ಕೈಯಾಡಿಸಿ ತನ್ನ ಐದನ್ನೇ ಆರಿಸಿಕೊಂಡು ಎದ್ದು ನಿಂತ.